ಹಿರಿತನ: ದುಡ್ಡಿನಲ್ಲಿ ಮತ್ತು ದುಡಿಮೆಯಲ್ಲಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಐವತ್ತು ತುಂಬಿದ ಶಾಲೆಯಲ್ಲಿ ಹಿರಿತನದ ಬಗ್ಗೆ ಮಾತನಾಡಲು ಮೂವತ್ತು ದಾಟಿದ ನಾನು ನಿಂತಿದ್ದೇನೆ. ನನಗಿಂತ ಮುಂಚೆ ಹತ್ತನೇ ತರಗತಿ ಮುಗಿಸಿದವರು ಇಲ್ಲಿ ನೂರಾರು ಮಂದಿ ಇದ್ದೀರಿ. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಬಿ.ಇ. ಮುಗಿಸಿ ನಾನು ಬ್ಯಾಂಕುಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಕಚೇರಿಯಲ್ಲಿ ನನ್ನನ್ನು ‘ಸೀನಿಯರ್ ಎಂಜಿನಿಯರ್’ ಎನ್ನುತ್ತಾರೆ. ಬ್ಯಾಂಕಿನ ಲೆಕ್ಕದಲ್ಲಿ ಸಾಲಗಳಿಗೂ ‘ಸೀನಿಯರ್’, ‘ಜೂನಿಯರ್’ ಎಂಬ ಹೆಸರಿದೆ. ಪದ ಒಂದೇ, ಅರ್ಥ ಎರಡು. ಎರಡನ್ನೂ ತಿಳಿದುಕೊಂಡರೆ ಊರಿನವರ ಉಳಿತಾಯಕ್ಕೂ ಒಳ್ಳೆಯದು, ಕೆಲಸಕ್ಕೆ ಹೊರಟ ಮಕ್ಕಳಿಗೂ ಒಳ್ಳೆಯದು.

ಮೊದಲು ದುಡ್ಡಿನ ಹಿರಿತನ. ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯವರಿಗೆ ಪಾಯಸ ಖಂಡಿತ. ಮನೆಯವರು ಕೂರುವುದು ಕೊನೆಯ ಪಂಕ್ತಿಗೆ. ಅಡುಗೆ ಕಡಿಮೆ ಬಿದ್ದರೆ ಅವರಿಗೆ ಅನ್ನ ಸಾರು ಅಷ್ಟೇ. ಮಿಕ್ಕರೆ ಮಿಕ್ಕಿದ್ದೆಲ್ಲ ಅವರದೇ. ಕಂಪನಿಯ ಷೇರುದಾರ ಈ ಮನೆಯವರ ಹಾಗೆ. ಸಾಲ ಕೊಟ್ಟವರು ಮುಂದಿನ ಪಂಕ್ತಿಯವರು. ಅಡುಗೆ ಧಾರಾಳವಾಗಿರುವಾಗ ಯಾರೂ ಪಂಕ್ತಿ ಎಣಿಸುವುದಿಲ್ಲ. ಕಡಿಮೆ ಬಿದ್ದ ದಿನವೇ ಅದರ ಬೆಲೆ ಗೊತ್ತಾಗುವುದು.

ಈ ಪಂಕ್ತಿಯನ್ನು ನಮ್ಮ ದೇಶದ ಕಾನೂನು ಬರೆದೇ ಇಟ್ಟಿದೆ. 2016ರ ದಿವಾಳಿ ಸಂಹಿತೆಯ 53ನೇ ಕಲಂ ನೋಡಿ. ಕಂಪನಿ ಮುಚ್ಚಿ ಆಸ್ತಿ ಮಾರಿದಾಗ ಮೊದಲು ಆ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದರ ಜೊತೆಗೇ ಅಡಮಾನ ಬಿಟ್ಟುಕೊಟ್ಟು ಬಂದ ಬ್ಯಾಂಕುಗಳ ಸಾಲ. ಆಮೇಲೆ ಉಳಿದ ನೌಕರರ 12 ತಿಂಗಳ ಸಂಬಳ. ನಂತರ ಅಡಮಾನವಿಲ್ಲದೆ ಸಾಲ ಕೊಟ್ಟವರು, ಅವರ ಹಿಂದೆ ಸರ್ಕಾರದ ಬಾಕಿ, ಇತರ ಸಾಲಗಳು. ಎಲ್ಲರ ಹಿಂದೆ ಷೇರುದಾರರು. ಅಂದರೆ ಯಂತ್ರದ ಮುಂದೆ ನಿಂತ ಕಾರ್ಮಿಕ ಈ ಸಾಲಿನಲ್ಲಿ ಮ್ಯಾನೇಜರಿಗಿಂತ ಹಿರಿಯ, ಸರ್ಕಾರಕ್ಕಿಂತಲೂ ಹಿರಿಯ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ನಿಧಿಯ ಹಣವನ್ನಂತೂ ಈ ಹಂಚಿಕೆಗೇ ತರುವಂತಿಲ್ಲ.

ಹಿಂದಿನ ಪಂಕ್ತಿಯಲ್ಲಿ ಕೂರಲು ಸುಮ್ಮನೆ ಯಾರು ಒಪ್ಪುತ್ತಾರೆ? ಅದಕ್ಕೇ ಅವರಿಗೆ ಹೆಚ್ಚು ಬಡ್ಡಿಯ ಆಸೆ ತೋರಿಸಬೇಕಾಗುತ್ತದೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಕಷ್ಟಕ್ಕೆ ಸಿಕ್ಕಾಗ ಠೇವಣಿದಾರರ ಹಣ ಉಳಿಯಿತು. ಆದರೆ ‘ಎಟಿ-1’ ಎಂಬ ಬಾಂಡುಗಳಲ್ಲಿದ್ದ ಸುಮಾರು 8,400 ಕೋಟಿ ರೂಪಾಯಿಯನ್ನು ಸೊನ್ನೆ ಎಂದು ಬರೆದರು. ಹೆಚ್ಚು ಬಡ್ಡಿ ಬರುತ್ತದೆಂದು ಅದನ್ನು ಕೊಂಡವರಲ್ಲಿ ನಿವೃತ್ತರೂ ಇದ್ದರು. ಠೇವಣಿಗೂ ಆ ಬಾಂಡಿಗೂ ಇರುವ ಪಂಕ್ತಿಯ ವ್ಯತ್ಯಾಸವನ್ನು ಸರಿಯಾಗಿ ಹೇಳದೆ ಮಾರಿದರೆಂದು ಸೆಬಿ 2021ರಲ್ಲಿ ಬ್ಯಾಂಕಿಗೆ ದಂಡ ಹಾಕಿತು. 2023ರಲ್ಲಿ ಬಾಂಬೆ ಹೈಕೋರ್ಟ್ ಸೊನ್ನೆ ಮಾಡಿದ ಆದೇಶವನ್ನೇ ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ವಯಸ್ಸಿನಲ್ಲಿ ಹಿರಿಯರಾದವರು ದುಡ್ಡಿನ ಸಾಲಿನಲ್ಲಿ ಹಿಂದೆ ಕೂತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ಆದ್ದರಿಂದ ಜಮೀನು ಮಾರಿದ ಹಣವಿರಲಿ, ನಿವೃತ್ತಿಯ ಹಣವಿರಲಿ, ಕೊಡುವ ಮುಂಚೆ ‘ಬಡ್ಡಿ ಎಷ್ಟು’ ಎಂಬುದಕ್ಕಿಂತ ಮೊದಲು ‘ನನ್ನದು ಎಷ್ಟನೇ ಪಂಕ್ತಿ’ ಎಂದು ಕೇಳಿ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಅದು ಉಂಟು. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಹೆಸರು ಒಂದೇ ತರಹ ಕೇಳಿಸುತ್ತದೆ, ವಿಚಾರಿಸಿ. ಇನ್ನು ಜಾಮೀನು. ಸ್ನೇಹಕ್ಕೆಂದು ಹಾಕಿದ ಸಹಿ ಅದು ಎಂದುಕೊಳ್ಳಬೇಡಿ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲ ಪಡೆದವನಷ್ಟೇ.

ಈಗ ಕೆಲಸದ ಹಿರಿತನ. ಇಲ್ಲಿರುವ ಮೇಷ್ಟ್ರುಗಳಿಗೆ ಜ್ಯೇಷ್ಠತಾ ಪಟ್ಟಿಯ ಮಹತ್ವ ಗೊತ್ತು. ರಾಜ್ಯ ಸರ್ಕಾರಿ ನೌಕರರಿಗೆ 1957ರ ಜ್ಯೇಷ್ಠತಾ ನಿಯಮಗಳಿವೆ. ಕಾರ್ಖಾನೆಯಲ್ಲಿ ಆಳು ಕಡಿಮೆ ಮಾಡಬೇಕಾದರೆ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿತು. 2020ರ ಸಂಹಿತೆಯಲ್ಲೂ ಅದು ಉಳಿದಿದೆ. ಇದನ್ನು ಹಳೇ ಕಾಲದ ಪದ್ಧತಿ ಎಂದು ನಗುವವರಿದ್ದಾರೆ. ಆದರೆ ಸಾಹೇಬರ ಮರ್ಜಿಯಿಂದ ನೌಕರನನ್ನು ಕಾಯುವುದು ಈ ಪಟ್ಟಿಯೇ.

ನಮ್ಮ ಐಟಿ ಕಚೇರಿಗಳಲ್ಲಿ ಇಂಥ ಪಟ್ಟಿ ಇಲ್ಲ. ಇಪ್ಪತ್ತೆಂಟರ ಹುಡುಗಿ ತಂಡ ನಡೆಸುತ್ತಾಳೆ, ನಲವತ್ತೈದು ದಾಟಿದವರು ಅವಳ ಕೈಕೆಳಗೆ ಇರುತ್ತಾರೆ. ಖರ್ಚು ಕಡಿತದ ಮಾತು ಬಂದಾಗ ದೊಡ್ಡ ಸಂಬಳದವರ ಮೇಲೇ ಮೊದಲು ಕಣ್ಣು ಬೀಳುವುದುಂಟು. ನಾನು ಮೊದಲು ಸೇರಿದ ಚಿಕ್ಕ ಕಂಪನಿ ಸಂಬಳದ ಒಂದು ಭಾಗವನ್ನು ಷೇರಿನ ರೂಪದಲ್ಲಿ ಕೊಡುತ್ತೇವೆ ಎಂದಿತ್ತು. ಕಂಪನಿ ಮುಚ್ಚಿತು. ಹೂಡಿಕೆದಾರರು ನಮಗಿಂತ ಮುಂದಿನ ಪಂಕ್ತಿಯಲ್ಲಿದ್ದರು. ನಮ್ಮ ಷೇರಿಗೆ ಏನೂ ಉಳಿಯಲಿಲ್ಲ. ಮಕ್ಕಳೇ, ನೀವು ಮುಂದೆ ಕೆಲಸಕ್ಕೆ ಸೇರುವಾಗ ತಿಂಗಳ ಸಂಬಳ ಬೇರೆ, ಷೇರಿನ ಭರವಸೆ ಬೇರೆ ಎಂದು ಲೆಕ್ಕ ಹಾಕಿ.

ಹಾಗಾದರೆ ಪಟ್ಟಿಯಿಲ್ಲದ ಕಡೆ ಸೀನಿಯರ್ ಯಾರು? ರಾತ್ರಿ ಎರಡು ಗಂಟೆಗೆ ಬ್ಯಾಂಕಿನ ಪಾವತಿ ವ್ಯವಸ್ಥೆ ನಿಂತರೆ ಮೊದಲ ಫೋನು ಬರುವುದು ಯಾರಿಗೋ ಅವರು. ಹೊಸಬರು ಬರೆದದ್ದರಲ್ಲಿ ದೋಷ ಬಂದರೆ ‘ಪರಿಶೀಲಿಸಿ ಒಪ್ಪಿದ್ದು ನಾನು’ ಎಂದು ಮೇಲಿನವರ ಮುಂದೆ ನಿಲ್ಲುವವರು. ದುಡ್ಡಿನ ಲೆಕ್ಕದಲ್ಲಿ ಹಿರಿಯ ಎಂದರೆ ನಷ್ಟ ಕೊನೆಗೆ ತಟ್ಟುವವನು. ದುಡಿಮೆಯಲ್ಲಿ ಹಿರಿಯ ಎಂದರೆ ನಷ್ಟಕ್ಕೆ ಮೊದಲು ಹೆಗಲು ಕೊಡುವವನು. ಎರಡನ್ನೂ ಅದಲುಬದಲು ಮಾಡಿಕೊಂಡ ಅಧಿಕಾರಿಯ ಕೈಕೆಳಗೆ ಯಾರೂ ಕಲಿಯುವುದಿಲ್ಲ.

ಈ ಶಾಲೆಯ ಗುರುಗಳು ನಮಗೆ ಬಡಿಸಿ, ನಮ್ಮೆಲ್ಲರ ಊಟ ಮುಗಿದ ಮೇಲೆ ಕೂತವರು. ಅವರಿಂದ ಕಲಿತ ನಾವು ಉಳಿತಾಯದ ಹಣವನ್ನು ಮುಂದಿನ ಪಂಕ್ತಿಯಲ್ಲಿ ಕೂರಿಸೋಣ, ಕೆಲಸದಲ್ಲಿ ನಾವು ಬಡಿಸುವವರ ಜೊತೆ ನಿಲ್ಲೋಣ. ಠೇವಣಿ, ಜಾಮೀನು, ಕೆಲಸದ ಆದೇಶ, ಯಾವ ಕಾಗದವನ್ನಾದರೂ ಓದಿಸಿ ತಿಳಿದುಕೊಳ್ಳಬೇಕೆಂದರೆ ತನ್ನಿ. ಸಂಜೆವರೆಗೂ ಇಲ್ಲೇ ಇರುತ್ತೇನೆ.