ಮಾಯಾಬಜಾರಿನ ಮಾತು

ಮನೆಯ ಅಜ್ಜಿಯೂ ಐದು ವರ್ಷದ ಮೊಮ್ಮಗನೂ ಒಂದೇ ಚಾಪೆಯ ಮೇಲೆ ಕುಳಿತು, ಒಬ್ಬರ ಮುಂದೊಬ್ಬರು ನಾಚದೆ, ನಡುವೆ ಎದ್ದುಹೋಗದೆ, ಮೂರು ಗಂಟೆಯ ಕಾಲ ನೋಡಬಹುದಾದ ಮಾಯಾಲೋಕದ ಚಿತ್ರ ಯಾವುದೆಂದು ನೀವು ಕೇಳಿದರೆ ನಾನು ಬಹಳ ಯೋಚಿಸುವುದಿಲ್ಲ, ‘ಮಾಯಾಬಜಾರ್’ ಎಂದುಬಿಡುತ್ತೇನೆ. ಆದರೆ ಈ ಹೊತ್ತು ನಿಮ್ಮೊಡನೆ ಆಡಬೇಕೆಂದಿರುವುದು ಅದರ ಮಾಯೆಯ ವಿಚಾರವನ್ನಲ್ಲ. ಅದರ ಮಾತಿನ ವಿಚಾರವನ್ನು. ಮಾಯೆಗೆ ಭಾಷೆಯ ಹಂಗಿಲ್ಲ. ಲಾಡು ತಟ್ಟೆಯಿಂದ ತಾನೇ ಎದ್ದು ಘಟೋತ್ಕಚನ ಬಾಯಿಗೆ ಹಾರಿ ಬಿದ್ದರೆ ತೆಲುಗರೂ ನಗುತ್ತಾರೆ, ಕನ್ನಡಿಗರೂ ನಗುತ್ತಾರೆ. ಮಾತಿನ ಪಾಡು ಹಾಗಲ್ಲ. ಅದು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗಬೇಕಾದರೆ ಯಾರಾದರೂ ಹೊತ್ತು ದಾಟಿಸಬೇಕು.

ಚಿತ್ರ ತೆರೆಗೆ ಬಂದದ್ದು 1957ರಲ್ಲಿ. ಮದರಾಸಿನ ವಿಜಯಾ ಸಂಸ್ಥೆಯ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ನಿರ್ಮಾಪಕರು, ಕೆ.ವಿ. ರೆಡ್ಡಿಯವರು ನಿರ್ದೇಶಕರು. ಅದನ್ನು ಒಮ್ಮೆ ತೆಗೆದು ಎರಡನೆಯ ಭಾಷೆಯನ್ನು ಮೇಲಿಂದ ಹೊದಿಸಲಿಲ್ಲ. ತೆಲುಗಿಗೊಂದು, ತಮಿಳಿಗೊಂದು ಎಂದು ಎರಡು ಚಿತ್ರಗಳನ್ನೇ ತೆಗೆದರು. ತೆಲುಗು ಚಿತ್ರ ಮಾರ್ಚ್ 27ರಂದು, ತಮಿಳು ಚಿತ್ರ ಏಪ್ರಿಲ್ 12ರಂದು ಬಿಡುಗಡೆಯಾದವು. ಕೃಷ್ಣನಾಗಿ ಎನ್.ಟಿ. ರಾಮರಾಯರು, ಶಶಿರೇಖೆಯಾಗಿ ಸಾವಿತ್ರಿ, ಘಟೋತ್ಕಚನಾಗಿ ಎಸ್.ವಿ. ರಂಗರಾಯರು ಎರಡರಲ್ಲಿಯೂ ಇದ್ದಾರೆ. ಅಭಿಮನ್ಯುವಾದರೋ ತೆಲುಗಿನಲ್ಲಿ ನಾಗೇಶ್ವರರಾಯರು, ತಮಿಳಿನಲ್ಲಿ ಜೆಮಿನಿ ಗಣೇಶನ್. ಮದುವೆ ಗಂಡಾದ ಲಕ್ಷ್ಮಣಕುಮಾರ ತೆಲುಗಿನಲ್ಲಿ ರೇಲಂಗಿ, ತಮಿಳಿನಲ್ಲಿ ತಂಗವೇಲು. ಗಮನಿಸಿ: ದೇವರೂ ರಾಕ್ಷಸನೂ ಎರಡು ನಾಡಿಗೂ ಒಬ್ಬರೇ ಸಾಕಾದರು, ನಗಿಸುವವನು ಮಾತ್ರ ಆಯಾ ಭಾಷೆಯವನೇ ಬೇಕಾಯಿತು. ಚಿತ್ರ ತೆಗೆದವರಿಗೆ ಭಾಷೆಯ ಮರ್ಮ ಗೊತ್ತಿತ್ತು.

ಕಥೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಬಲರಾಮನ ಮಗಳನ್ನು ಸುಭದ್ರೆಯ ಮಗ ಅಭಿಮನ್ಯುವಿಗೆ ಕೊಡುವುದೆಂದು ಮಾತಾಗಿದೆ. ಪಾಂಡವರು ಜೂಜಿನಲ್ಲಿ ಸೋತು ಕಾಡುಪಾಲಾದೊಡನೆ ಬೀಗರ ಮನಸ್ಸು ತಿರುಗುತ್ತದೆ. ದುರ್ಯೋಧನನ ಮಗನಿಗೆ ಹೆಣ್ಣು ಕೊಡುವುದೆಂದು ತೀರ್ಮಾನವಾಗುತ್ತದೆ. ಸುಭದ್ರೆ ಮಗನನ್ನು ಕರೆದುಕೊಂಡು ಕಾಡಿಗೆ ಹೊರಡುತ್ತಾಳೆ. ಅಲ್ಲಿ ಘಟೋತ್ಕಚ ಅಡ್ಡಗಟ್ಟುತ್ತಾನೆ. ಅಣ್ಣತಮ್ಮಂದಿರು ಗುರುತಿಲ್ಲದೆ ಹೋರಾಡುತ್ತಾರೆ. ಗುರುತು ತಿಳಿದ ಗಳಿಗೆಯಲ್ಲಿ ಆ ದೈತ್ಯದೇಹ ಚಿಕ್ಕಮ್ಮನ ಪಾದದಲ್ಲಿ ಕುಸಿಯುತ್ತದೆ. ಮುಂದೆ ಅವನು ಮಲಗಿದ್ದ ಶಶಿರೇಖೆಯನ್ನು ಮಂಚಸಮೇತ ಎತ್ತಿ ತಂದು, ತಾನೇ ಅವಳ ರೂಪ ತಾಳಿ ದ್ವಾರಕೆಯಲ್ಲಿ ಕುಳಿತು, ಗಂಡಿನ ಕಡೆಯವರಿಗೆ ಬಿಡದಿಯೆಂದು ಒಂದು ಮಾಯೆಯ ಪೇಟೆಯನ್ನೇ ಕಟ್ಟಿಸಿ ಆಟವಾಡಿಸುತ್ತಾನೆ. ಈ ಕಥೆ ವ್ಯಾಸಭಾರತದಲ್ಲಿಲ್ಲ. ನಮ್ಮ ಕುಮಾರವ್ಯಾಸನಲ್ಲಿಯೂ ಇಲ್ಲ. ಅಲ್ಲಿ ಅಭಿಮನ್ಯುವಿನ ಹೆಂಡತಿ ವಿರಾಟನ ಮಗಳು ಉತ್ತರೆ. ಇದು ಜನ ಕಟ್ಟಿಕೊಂಡ ಭಾರತ. ಕರಾವಳಿಯ ಯಕ್ಷಗಾನ ನೋಡಿದವರಿಗೆ ಇದೇ ಕಥೆ ‘ಕನಕಾಂಗಿ ಕಲ್ಯಾಣ’ವೆಂದು ಪರಿಚಯ, ಅಲ್ಲಿ ಬಲರಾಮನ ಮಗಳು ಕನಕಾಂಗಿ. ತಮಿಳಿನಲ್ಲಿ ಅವಳೇ ವತ್ಸಲೆ. ಒಂದೇ ಹುಡುಗಿಗೆ ಮೂರು ನಾಡಿನಲ್ಲಿ ಮೂರು ಹೆಸರು. ಎಲ್ಲ ಕಡೆಯೂ ಅವಳ ಮದುವೆಗೆ ಅದೇ ತೊಡಕು.

ಇಷ್ಟೆಲ್ಲ ನಡೆದರೂ ಪಾಂಡವರೈವರಲ್ಲಿ ಒಬ್ಬರೂ ತೆರೆಯ ಮೇಲೆ ಒಂದು ಗಳಿಗೆಯೂ ಕಾಣಿಸಿಕೊಳ್ಳುವುದಿಲ್ಲ. ಮೊದಲ ಸಲ ನೋಡುವವರಿಗೆ ಇದು ಹೊಳೆಯುವುದೂ ಇಲ್ಲ. ಏಕೆಂದರೆ ಇದು ಯುದ್ಧದ ಕಥೆಯಲ್ಲ, ಮನೆಯ ಕಥೆ: ಅತ್ತೆ, ಸೋದರಮಾವ, ಬೀಗರು, ಮಾತು ಕೊಟ್ಟು ತಪ್ಪಿದ ತಾಯ್ತಂದೆ. ಹಣವಿದ್ದಾಗ ಬಂದು ಬೀಳುವ ನೆಂಟರು ಹಣ ಹೋದಾಗ ಏನಾಗುತ್ತಾರೆಂಬುದು ಯಾವ ಮನೆಗೆ ತಿಳಿಯದ ಸಂಗತಿ? ಮಾಯೆಯೂ ಅಷ್ಟೆ, ಮನೆಯೊಳಗಿನದು. ಹುಟ್ಟುಹಬ್ಬಕ್ಕೆ ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆ ಬರುತ್ತದೆ; ತೆರೆದವರಿಗೆ ತಮ್ಮ ಮನಸ್ಸಿನಲ್ಲಿ ಯಾರಿದ್ದಾರೋ ಅವರೇ ಅದರೊಳಗೆ ಕಾಣುತ್ತಾರೆ. ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ. ಕೃಷ್ಣ ತೆರೆದರೆ ಕಾಣುವವನು ಶಕುನಿ! ದೆಹಲಿಯಲ್ಲಿ ದೂರದರ್ಶನದ ಪ್ರಯೋಗ ಮೊದಲಾದದ್ದು 1959ರಲ್ಲಿ. ಮದರಾಸಿನ ಕಲೆಗಾರರು ಅದಕ್ಕೆ ಎರಡು ವರ್ಷ ಮೊದಲೇ ಇಂಥ ಪೆಟ್ಟಿಗೆಯನ್ನು ಮಗುವಿನ ಕೈಗೆ ಸಿಗುವ ಆಟದ ಸಾಮಾನಿನಂತೆ ಮಾಡಿ ಇಟ್ಟರು.

ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರ ಹೆಸರನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. ದೋಣಿಯ ಹಾಡಿನಲ್ಲಿ ನೀರ ಮೇಲೆ ಹರಡಿರುವ ಬೆಳುದಿಂಗಳು ಆಕಾಶದ ಚಂದ್ರನದಲ್ಲ. ದೀಪ, ನೆರಳು, ಕ್ಯಾಮರಾ ಇವುಗಳಿಂದ ಅವರು ಹುಟ್ಟಿಸಿದ್ದು. ಆ ದೋಣಿಯಲ್ಲಿ ಮೊದಲು ಅಭಿಮನ್ಯು-ಶಶಿರೇಖೆಯರು, ಆಮೇಲೆ ಕೃಷ್ಣ-ರುಕ್ಮಿಣಿಯರು, ಕಡೆಗೆ ಬಲರಾಮ-ರೇವತಿಯರು ವಿಹರಿಸುತ್ತಾರೆ. ಕಿರಿಯರ ಒಲವನ್ನು ಕಂಡು ಹಿರಿಯರು ಗದರುವ ಬದಲು ತಾವೂ ದೋಣಿ ಹತ್ತುವ ಚಿತ್ರ ನಮ್ಮಲ್ಲಿ ಎಷ್ಟಿವೆ, ಹೇಳಿ. 2010ರಲ್ಲಿ ಈ ಚಿತ್ರಕ್ಕೆ ಬಣ್ಣ ಹಾಕಿಸಿ ಮತ್ತೆ ಬಿಟ್ಟರು. ಮಕ್ಕಳಿಗೆ ಬಣ್ಣದ್ದೇ ಇಷ್ಟ. ನನಗಂತೂ ಆ ಬೆಳುದಿಂಗಳು ಕಪ್ಪು-ಬಿಳುಪಿನಲ್ಲೇ ಚೆನ್ನ.

ಇನ್ನು ಮಾತಿಗೆ ಬರೋಣ. ತೆಲುಗಿನ ಸಂಭಾಷಣೆ ಬರೆದವರು ಪಿಂಗಳಿ ನಾಗೇಂದ್ರರಾಯರು. ಘಟೋತ್ಕಚನ ಆಸ್ಥಾನದಲ್ಲಿ ಒಬ್ಬ ಬಂಟ ‘ಅಸಮದೀಯರು, ತಸಮದೀಯರು’ ಎನ್ನುತ್ತಾನೆ. ಅಸ್ಮದೀಯ ಎಂದರೆ ನಮ್ಮವನು, ಸಂಸ್ಕೃತ. ಅವರವನು ಎನ್ನಬೇಕಾದರೆ ತದೀಯ ಎನ್ನಬೇಕು. ಬಂಟನಿಗೆ ಅಷ್ಟು ವ್ಯಾಕರಣ ಎಲ್ಲಿಂದ ಬರಬೇಕು! ಒಂದು ನಾಲಗೆಗೆ ಸಿಕ್ಕಿತು, ಇನ್ನೊಂದನ್ನು ಅದರ ಜೊತೆಗೆ ಹೊಸೆದ. ಪಂಡಿತನಾದವನು ಕಿವಿ ಮುಚ್ಚಿಕೊಳ್ಳಬೇಕಾದ ಮಾತು. ಘಟೋತ್ಕಚನಾದರೋ ಅವನನ್ನು ಗದರುವುದಿಲ್ಲ. ಹೊಸ ಮಾತನ್ನು ಯಾರಾದರೊಬ್ಬರು ಹುಟ್ಟಿಸಲೇಬೇಕಷ್ಟೆ ಎಂಬ ಭಾವದಲ್ಲಿ ಬಹುಮಾನ ಕೊಡಿಸುತ್ತಾನೆ. ಮೂವತ್ತು ವರ್ಷ ಕೆಂಪು ಮಸಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನನಗೆ ಆ ರಾಕ್ಷಸನ ಮೇಲೆ ಸ್ವಲ್ಪ ಅಸೂಯೆಯೇ.

ಇನ್ನೊಂದು ಮಾತು ನಮಗೆ ಇನ್ನೂ ಹತ್ತಿರದ್ದು. ಬೀಗರಿಗೆಂದು ಮಾಯಾಬಜಾರಿನಲ್ಲಿ ಹಾಸಿದ್ದು ಕಂಬಳಿಯಲ್ಲ, ‘ಗಿಂಬಳಿ’. ಹಾಕಿದ ಮಂಚ ತಲ್ಪವಲ್ಲ, ‘ಗಿಲ್ಪ’. ಕಂಬಳಿ ಹಾಸಿದ ಹಾಗೆ ಬಿದ್ದಿರುತ್ತದೆ. ಗಿಂಬಳಿ ಬಿದ್ದಿರದು, ಯಾರನ್ನೂ ನೆಮ್ಮದಿಯಾಗಿ ಇರಗೊಡದು. ನಾವು ದಿನವೂ ಊಟ-ಗೀಟ, ಮನೆ-ಗಿನೆ ಎನ್ನುತ್ತೇವೆ. ಇದಕ್ಕೆ ಜೋಡುನುಡಿಯೆಂದು ಪಾಠದಲ್ಲಿ ಹೆಸರು. ಎರಡನೆಯ ಪದಕ್ಕೆ ಸ್ವಂತ ಅರ್ಥವಿಲ್ಲ ಎಂದೂ ಪಾಠ. ಪಿಂಗಳಿಯವರು ಆ ಅರ್ಥವಿಲ್ಲದ ಪದಕ್ಕೇ ಒಂದು ವಸ್ತುವನ್ನು ಮಾಡಿಕೊಟ್ಟರು. ಗೀಟ ಎಂಬುದು ನಿಜವಾಗಿ ಇದ್ದರೆ ಹೇಗಿದ್ದೀತು ಎಂದು ಯೋಚಿಸಿದರಲ್ಲ, ಅದೇ ನಿಜವಾದ ಮಾಯೆ. ಕಂಬಳಿಯೂ ನಮ್ಮದೇ ಪದ, ಗಿಕಾರವೂ ನಮ್ಮದೇ ರೂಢಿ. ಆದುದರಿಂದ ಈ ಹಾಸ್ಯ ಕನ್ನಡಕ್ಕೆ ಬರಲು ಪಲ್ಲಕ್ಕಿ ಬೇಡ, ನಡೆದೇ ಬರುತ್ತದೆ. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ, ಚಾಪೆ-ಗೀಪೆ ಎನ್ನುತ್ತೇವಲ್ಲ, ಗೀಪೆ ಏನು ಮಾಡುತ್ತದೆಯಪ್ಪ, ಎಂದು ಕೇಳಿದೆ. ಮಲಗಿದವರನ್ನು ಎಬ್ಬಿಸಿ ಓದಲು ಕೂರಿಸುತ್ತದೆ ಸಾರ್, ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಆ ಹುಡುಗನಿಗೆ ಜೋಡುನುಡಿಯ ಪಾಠ ಮತ್ತೆ ಮಾಡಬೇಕಾಗಲಿಲ್ಲ.

ಎಲ್ಲವೂ ಇಷ್ಟು ಸಲೀಸಲ್ಲ. ಬೀಗರ ಊಟದ ಮಾತಿನಲ್ಲಿ ಗೋಂಗುರ ಸೊಪ್ಪಿನ ಹೊಗಳಿಕೆ ಬರುತ್ತದೆ. ಆಂಧ್ರರಿಗೆ ಅದು ಬರಿಯ ಸೊಪ್ಪಲ್ಲ, ಅಭಿಮಾನ. ಕಲಬುರಗಿ-ರಾಯಚೂರಿನ ಕಡೆಯವರಿಗೆ ಪುಂಡಿಪಲ್ಯವೆಂದರೆ ಕೂಡಲೆ ಬಾಯಲ್ಲಿ ನೀರೂರುತ್ತದೆ. ಮಂಗಳೂರಿನವರಿಗೆ ಅದೇ ಮಾತು ಹೇಳಿದರೆ ಸುಮ್ಮನೆ ಮುಖ ನೋಡಿಯಾರು. ಭಾಷೆ ದಾಟಿಸುವವನು ಇಂಥ ಕಡೆ ನಿಂತು ಯೋಚಿಸಬೇಕು. ತುಟಿಗೆ ತುಟಿ ಕೂಡಿಸಿದರೆ ಸಾಲದು, ನಾಲಗೆಗೆ ರುಚಿಯೂ ಕೂಡಬೇಕು. ತಮಿಳಿಗೆ ತಂಜೈ ರಾಮಯ್ಯ ದಾಸರು ಬೇರೆಯಾಗಿಯೇ ಬರೆದರು. ಘಟೋತ್ಕಚನ ಮದುವೆಯೂಟದ ಹಾಡನ್ನು ತೆಲುಗಿನಲ್ಲಿ ಮಾಧವಪೆದ್ದಿ ಸತ್ಯಂ, ತಮಿಳಿನಲ್ಲಿ ತಿರುಚ್ಚಿ ಲೋಕನಾಥನ್ ಹಾಡಿದರು. ಮುಖ ಒಂದೇ, ಹೊಟ್ಟೆ ಒಂದೇ, ಕಂಠ ಎರಡು. ಆದರೂ ರಂಗರಾಯರ ನಗೆ ಎರಡಕ್ಕೂ ಹೊಂದಿತು.

ಕನ್ನಡಕ್ಕೆ ಮೂರನೆಯ ಚಿತ್ರವನ್ನು ತೆಗೆಯಲಿಲ್ಲ. ಆದರೆ ಕನ್ನಡ ಧ್ವನಿಯನ್ನು ಹೊದ್ದು ‘ಮಾಯಾಬಜಾರ್’ ನಮ್ಮಲ್ಲಿಗೆ ಬಂತು. ನಾನು ಬಾಲ್ಯದಲ್ಲಿ ಟೆಂಟಿನಲ್ಲಿ ನೋಡಿದ್ದು ಅದನ್ನೇ. ಮದುವೆಯೂಟದ ಆ ಹಾಡನ್ನು ಕನ್ನಡದಲ್ಲಿ ಗುನುಗದ ಹಿರಿಯರು ನಿಮ್ಮ ಬೀದಿಯಲ್ಲಿ ಕಡಿಮೆ. ಆಮೇಲೆ ಅ.ನ. ಕೃಷ್ಣರಾಯರೇ ಮೊದಲಾದವರ ನೇತೃತ್ವದಲ್ಲಿ ಚಳವಳಿ ನಡೆದು, 1960ರ ದಶಕದಿಂದ ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡ ಧ್ವನಿ ಹೊದಿಸುವುದು ನಿಂತಿತು. ಅದು ಕಾಯಿದೆಯಲ್ಲ, ಉದ್ಯಮದ ಕಟ್ಟುಪಾಡು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಸಲ್ಲದೆಂದು ತೀರ್ಪಿತ್ತ ಮೇಲೆ ಕ್ರಮೇಣ ಬಾಗಿಲು ತೆರೆಯಿತು.

ಆ ಹಿರಿಯರು ಮಾಡಿದ್ದು ಸರಿಯೆ? ಆ ದಿನಕ್ಕೆ ಸರಿ ಎಂದೇ ನನ್ನ ಎಣಿಕೆ. ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟಿದ್ದಾಗ, ಅವನ್ನೂ ಬಹುಮಟ್ಟಿಗೆ ಮದರಾಸಿಗೆ ಹೋಗಿ ತೆಗೆಯಬೇಕಾಗಿದ್ದಾಗ, ಎರವಲಿನ ಚಿತ್ರಗಳು ಅಗ್ಗವಾಗಿ ಬಂದು ತುಂಬಿದ್ದರೆ ನಮ್ಮ ನಟರಿಗೂ ಬರಹಗಾರರಿಗೂ ಕೂಳಿಗೆ ದಾರಿ ಇರುತ್ತಿರಲಿಲ್ಲ. ಆದರೆ ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ, ಅವರು ಮಕ್ಕಳು. ದೊಡ್ಡವರು ತೆಲುಗನ್ನೋ ತಮಿಳನ್ನೋ ಹಿಂದಿಯನ್ನೋ ಹೇಗೋ ಅರ್ಥಮಾಡಿಕೊಂಡರು. ಆರು ವರ್ಷದ ಕನ್ನಡದ ಕೂಸು ಮಾಯೆಯನ್ನು ಕಂಡಿತು, ಮಾತು ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಅಪ್ಪನನ್ನು, ಈಗ ಏನಂದ, ಈಗ ಏನಂದ, ಎಂದು ಪೀಡಿಸುತ್ತಿತ್ತು. ಬಳ್ಳಾರಿ, ಕೋಲಾರದ ಮಕ್ಕಳು ಈ ನೆಪದಲ್ಲಿ ಎರಡನೆಯ ಭಾಷೆಯನ್ನೇ ಕಲಿತುಬಿಟ್ಟರೆನ್ನಿ. ಅದೂ ಒಂದು ಲಾಭ. ಎಲ್ಲರಿಗೂ ಆ ಲಾಭವಿರಲಿಲ್ಲ.

ಇದೇ ನಾಗಿರೆಡ್ಡಿ-ಚಕ್ರಪಾಣಿಯವರು 1947ರಲ್ಲಿ ‘ಚಂದಮಾಮ’ ಪತ್ರಿಕೆಯನ್ನು ತೆಲುಗು, ತಮಿಳುಗಳಲ್ಲಿ ಹೊರಡಿಸಿದರು. 1949ರಿಂದ ಅದು ಕನ್ನಡದಲ್ಲಿಯೂ ಬಂತು. ಅದರ ಬೇತಾಳ ವಿಕ್ರಮನ ಹೆಗಲೇರಿ ದಶಕಗಳ ಕಾಲ ಕನ್ನಡವನ್ನೇ ಆಡಿತು. ಪತ್ರಿಕೆ ಈಗ ನಿಂತಿದೆ. ಆದರೆ ಮದರಾಸಿನಿಂದ ಬಂದ ಬೇತಾಳವೆಂದು ಅದನ್ನು ಯಾರೂ ಹೊರಗೆ ನಿಲ್ಲಿಸಿದ್ದನ್ನು ನಾನು ಕೇಳಿಲ್ಲ. ಏಕೆಂದರೆ ಕನ್ನಡ ಬಲ್ಲವರು ಕುಳಿತು, ಕನ್ನಡದ ವಾಕ್ಯವನ್ನೇ ಬರೆದರು. ಅಚ್ಚಿನ ಬೇತಾಳಕ್ಕೆ ಸಿಕ್ಕ ಆದರ ತೆರೆಯ ಘಟೋತ್ಕಚನಿಗೂ ಸಿಕ್ಕಬಾರದೆ?

ಈಗ ಗಾಳಿ ಎರಡೂ ಕಡೆಯಿಂದ ಬೀಸುತ್ತಿದೆ. ನಮ್ಮ ‘ಕಾಂತಾರ’ 2022ರಲ್ಲಿ ತೆಲುಗು, ತಮಿಳು, ಮಲಯಾಳ, ಹಿಂದಿಗಳಲ್ಲಿ ಮಾತನಾಡಿತು. ಅವರ ಮಾಯೆಯ ಚಿತ್ರಗಳು ಇಲ್ಲಿಗೆ ಕನ್ನಡ ಮಾತನಾಡಿಕೊಂಡು ಬರುತ್ತಿವೆ. ಬರಲಿ. ಆದರೆ ಅವುಗಳಲ್ಲಿ ಹಲವನ್ನು ಕೇಳಿದಾಗ ಪಾತ್ರಗಳು ಪರೀಕ್ಷೆಯ ಪ್ರಬಂಧ ಒಪ್ಪಿಸುತ್ತಿರುವಂತೆ ತೋರುತ್ತದೆ. ರಾಜನ ಕನ್ನಡ, ಬಂಟನ ಕನ್ನಡ, ಅಜ್ಜಿಯ ಕನ್ನಡ ಎಲ್ಲವೂ ಒಂದೇ. ಬೈಯುವಾಗಲೂ ತಪ್ಪಿಲ್ಲದ ಗ್ರಂಥಭಾಷೆ! ಚಿತ್ರಕ್ಕೆ ಕೋಟಿಗಟ್ಟಲೆ ಸುರಿದವರು ಅದರ ಕನ್ನಡಕ್ಕೆ ಎಷ್ಟು ದಿನ ಕೊಟ್ಟರೋ ಎಂದು ಕೇಳಬೇಕೆನಿಸುತ್ತದೆ. ಬರೆದವರ ಹೆಸರು ಎಲ್ಲಿ ಬಂತೆಂದು ನೋಡುವಷ್ಟರಲ್ಲಿ ತೆರೆ ಕತ್ತಲಾಗಿರುತ್ತದೆ.

ಈ ರಜೆಯಲ್ಲಿ ಮಕ್ಕಳಿಗೆ ‘ಮಾಯಾಬಜಾರ್’ ತೋರಿಸುವುದಾದರೆ, ಮಾಯಾ ಶಶಿರೇಖೆಯ ಭಾಗ ಬಂದಾಗ ಸ್ವಲ್ಪ ಹತ್ತಿರ ಕೂರಿಸಿಕೊಳ್ಳಿ. ಹೆಣ್ಣಿನ ರೂಪದಲ್ಲಿರುವ ಘಟೋತ್ಕಚನನ್ನು ಸಾವಿತ್ರಿ ಅಭಿನಯಿಸಿದ್ದಾರೆ: ಒಂದು ಗಳಿಗೆ ನಾಚುವ ಮದುಮಗಳು, ಮರುಗಳಿಗೆ ಎದೆ ಸೆಟೆಸಿದ ದೈತ್ಯ. ಧಾರೆಯ ಹೊತ್ತಿಗೆ ಅವಳು ಲಕ್ಷ್ಮಣಕುಮಾರನ ಪಾದವನ್ನು ತುಳಿದಾಗ ಅವನು ಹಾಕುವ ಕೂಗಿಗೆ ಯಾವ ಭಾಷೆಯ ಪಂಡಿತನೂ ಬೇಕಾಗಿಲ್ಲ. ಗಿಂಬಳಿ ಬಂದಾಗ ಮಾತ್ರ ಚಿತ್ರವನ್ನು ಒಂದು ಗಳಿಗೆ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಯಾವ ಯಾವ ಗೀಟ-ಗೀಪೆಗಳಿವೆ ಎಂದು ಮಕ್ಕಳನ್ನೇ ಕೇಳಿ.