ರಿಪೋರ್ಟು ಚೆನ್ನಾಯಿತೆಂದು ಗುಳಿಗೆ ಬಿಡಬೇಡಿ
(ಮುಗಳಖೋಡದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಪಗಾರ, ಬೋನಸ್ಸಿನ ಮಾತು ಬೇಡ. ಒಂದು ಗುಳಿಗೆಯ ಮಾತು ಹೇಳುತ್ತೇನೆ. ಎದೆನೋವು ಬಂದು ಉಳಿದುಕೊಂಡ ನಮ್ಮ ಅಣ್ಣನವರಿಗೆ ಡಾಕ್ಟರರು ಅಟೊರ್ವಾಸ್ಟಾಟಿನ್ ಬರೆದುಕೊಟ್ಟರು. ಮೂರು ತಿಂಗಳಿಗೆ ರಕ್ತದ ರಿಪೋರ್ಟು ಚೆನ್ನಾಗಿ ಬಂತು. “ಇನ್ನೇಕೆ ರೊಕ್ಕ ಸುರಿಯುವುದು?” ಎಂದು ಅಣ್ಣನವರು ಗುಳಿಗೆಯನ್ನು ಗೋಡೆಯ ಮಾಡದಲ್ಲಿಟ್ಟುಬಿಟ್ಟರು. ಮುಂದಿನ ತಪಾಸಣೆಯಲ್ಲಿ ಅಂಕಿ ಮೊದಲಿನಷ್ಟೇ! ರಕ್ತ ನೋಡಿದವರನ್ನೇ ಬೈದರು.

ಕೊಲೆಸ್ಟೆರಾಲ್ ವಿಷವಲ್ಲ, ದೇಹಕ್ಕೆ ಬೇಕಾದದ್ದೇ. ಆದರೆ ಎಣ್ಣೆಯಂತೆ ಅದು ನೀರಿನಲ್ಲಿ ಬೆರೆಯದು. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಚಕ್ಕಡಿಗಳೇ ಲಿಪೊಪ್ರೋಟೀನುಗಳು. ಅವುಗಳಲ್ಲಿ ಎಲ್‌ಡಿಎಲ್ ಎಂಬವು ಹೆಚ್ಚಾದರೆ ಸರಕು ರಕ್ತನಾಳದ ಗೋಡೆಯೊಳಗೆ ಸೇರಿ ದಾರಿ ಕಟ್ಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಗೇಟು ಮುಚ್ಚಿದರೆ ರಸ್ತೆಯ ಗತಿ ಏನೆಂದು ನಿಮಗೆ ಹೇಳಬೇಕೆ?

ಇಲ್ಲಿ ಕಾರ್ಖಾನೆಯೆಂದರೆ ಯಕೃತ್ತು. ಅದು ತಾನೂ ಕೊಲೆಸ್ಟೆರಾಲ್ ತಯಾರಿಸುತ್ತದೆ. ಗುಳಿಗೆ ಆ ತಯಾರಿಕೆಯನ್ನು ತಡೆಯುತ್ತದೆ. ದಾಸ್ತಾನು ಕಡಿಮೆಯಾದ ಯಕೃತ್ತು ಹೆಚ್ಚು ಗೇಟು ತೆರೆದು ರಕ್ತದೊಳಗಿನ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ಈ ಗೇಟುಗಳನ್ನು ಕಂಡುಹಿಡಿದ ಅಮೇರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಈ ಜಾತಿಯ ಮೊದಲ ಔಷಧವನ್ನು 1973ರಲ್ಲಿ ಬೂಷ್ಟಿನಿಂದ ತೆಗೆದವರು ಜಪಾನಿನ ಅಕಿರಾ ಎಂಡೊ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು.

ಗುಳಿಗೆ ಸುರುಮಾಡಿದ ಎರಡು ವಾರಗಳಲ್ಲೇ ಎಲ್‌ಡಿಎಲ್ ಇಳಿಯುತ್ತದೆ. ನಾಲ್ಕರಿಂದ ಆರು ವಾರಕ್ಕೆ, ಗುಳಿಗೆಯ ಪ್ರಮಾಣದಂತೆ, ನೂರಕ್ಕೆ 30ರಿಂದ 50ರಷ್ಟು ಇಳಿದು ಅಲ್ಲಿಯೇ ನಿಲ್ಲುತ್ತದೆ. ಟ್ರೈಗ್ಲಿಸರೈಡೂ ಇಳಿಯುತ್ತದೆ, ಎಚ್‌ಡಿಎಲ್ ತುಸು ಏರುತ್ತದೆ. ಪ್ರಮಾಣ ಇಮ್ಮಡಿ ಮಾಡಿದರೆ ಲಾಭ ಇಮ್ಮಡಿಯಾಗದು, ನೂರಕ್ಕೆ ಇನ್ನೊಂದು 6ರಷ್ಟು ಮಾತ್ರ. ಬಿಟ್ಟರೋ, ಗೇಟುಗಳು ಮತ್ತೆ ಮುಚ್ಚಿ ಕೆಲವೇ ವಾರಗಳಲ್ಲಿ ಹಳೆಯ ಅಂಕಿ. ರಿಪೋರ್ಟಿನ ಒಳ್ಳೆಯ ಅಂಕಿ ಗುಳಿಗೆಯ ದುಡಿಮೆ. ರೋಗ ಹೋದ ಗುರುತಲ್ಲ.

ಅಂಕಿ ವಾರಗಳಲ್ಲಿ ಇಳಿದರೂ ಜೀವ ಉಳಿಯುವ ಲೆಕ್ಕ ವರ್ಷಗಳದು. ಸ್ಕ್ಯಾಂಡಿನೇವಿಯಾದಲ್ಲಿ 4,444 ಹೃದಯರೋಗಿಗಳನ್ನು ಐದು ವರ್ಷಕ್ಕೂ ಮೇಲ್ಪಟ್ಟು ನೋಡಿದ ಪ್ರಯೋಗದ ಫಲ 1994ರಲ್ಲಿ ಪ್ರಕಟವಾಯಿತು. ಹುಸಿ ಗುಳಿಗೆ ನುಂಗಿದ ಅರ್ಧದಷ್ಟು ಜನರಲ್ಲಿ 256 ಮಂದಿ ತೀರಿಕೊಂಡರು. ಸಿಮ್ವಾಸ್ಟಾಟಿನ್ ತಕ್ಕೊಂಡ ಉಳಿದರ್ಧದಲ್ಲಿ 182 ಮಂದಿ.

ಕೆಲವರಿಗೆ ಮೈಕೈ ಸ್ನಾಯು ನೋಯುವುದುಂಟು. ಡಾಕ್ಟರರಿಗೆ ಹೇಳಿ, ಅವರು ಪ್ರಮಾಣ ಅಥವಾ ಗುಳಿಗೆ ಬದಲಿಸಿಯಾರು. ನೀವೇ ನಿಲ್ಲಿಸಬೇಡಿ. ಇನ್ನು ರೊಕ್ಕದ ಮಾತು: ಅಟೊರ್ವಾಸ್ಟಾಟಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರಕಾರದ ಮಿತಿಯಿದೆ. ಜನೌಷಧಿ ಅಂಗಡಿಯಲ್ಲಿ ಕಂಪನಿಯ ಹೆಸರಿಲ್ಲದ ಅದೇ ಗುಳಿಗೆ ಇನ್ನೂ ಅಗ್ಗ. ಚೀಟಿ ತೋರಿಸಿ ಆ ಹೆಸರಿನಿಂದಲೇ ಕೇಳಿರಿ. ನಮ್ಮ ಅಣ್ಣನವರೂ ಈಗ ಅಲ್ಲಿಂದಲೇ ತರುತ್ತಾರೆ.