ಡೈನೋ ಹೇಳುವುದೆಷ್ಟು, ಟ್ರ್ಯಾಕ್ ಹೇಳುವುದೆಷ್ಟು?



2023ರ ಫೆಬ್ರವರಿ 11 ನೆನಪಿದೆಯಲ್ಲ? ನಮ್ಮ ನಾಂಪಲ್ಲಿಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ, ಹುಸೇನ್ ಸಾಗರದ ದಂಡೆ. ಅಲ್ಲಿ ಅಂದು ಫಾರ್ಮುಲಾ ಇ ರೇಸ್ ನಡೆಯಿತು. ಅವು ಬ್ಯಾಟರಿ ಕಾರುಗಳು, ಗುಡುಗಲಿಲ್ಲ. ಇವತ್ತಿನ ನನ್ನ ಮಾತು ಗುಡುಗುವ ಪೆಟ್ರೋಲ್ ಎಂಜಿನ್ನಿನದು. ರೇಸಿಗೆ ಅದನ್ನು ಟ್ಯೂನ್ ಮಾಡುವಾಗ ನಂಬಬೇಕಾದ್ದು ಡೈನೋವನ್ನೋ, ಟ್ರ್ಯಾಕನ್ನೋ?

ಡೈನೋ ಅಂದರೆ ಡೈನಮೋಮೀಟರ್. ಬೈಕಿನ ಹಿಂದಿನ ಚಕ್ರವನ್ನು ಭಾರವಾದ ರೋಲರ್ ಮೇಲೆ ನಿಲ್ಲಿಸಿ, ಬೆಲ್ಟಿನಿಂದ ಬಿಗಿದು, ಆಕ್ಸಿಲರೇಟರ್ ಪೂರ್ತಿ ತಿರುಗಿಸುತ್ತಾರೆ. ರೋಲರ್ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಕಂಪ್ಯೂಟರ್ ಟಾರ್ಕ್ ಲೆಕ್ಕ ಹಾಕುತ್ತದೆ. ನ್ಯೂಟನ್ ಮೀಟರಿನ ಆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿ, ಕಿಲೋವ್ಯಾಟ್ ಸಿಕ್ಕಿತು! 746 ವ್ಯಾಟ್ ಸೇರಿದರೆ ಒಂದು ಅಶ್ವಶಕ್ತಿ. ಈ ಅಳೆಯುವ ಹಂಬಲ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಪ್ರೋನಿ 1821ರಲ್ಲೇ ಮರದ ಬ್ರೇಕು, ತೂಕದ ಕಲ್ಲುಗಳಿಂದ ಎಂಜಿನ್ ಶಕ್ತಿ ಅಳೆದಿದ್ದ.

ಡೈನೋದ ದೊಡ್ಡ ಗುಣ ಒಂದೇ: ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಹುದು. ಒಂದು ಜೆಟ್ ಬದಲಿಸಿ ಓಡಿಸಿ, ವ್ಯತ್ಯಾಸ ಬಂದರೆ ಅದು ಜೆಟ್ಟಿನದೇ. ಟ್ರ್ಯಾಕಿನಲ್ಲಿ ಲ್ಯಾಪ್ ಅರ್ಧ ಸೆಕೆಂಡು ಕಮ್ಮಿಯಾದರೆ ಅದು ಜೆಟ್ಟಿನಿಂದಲೋ, ಬಿಸಿಯಾದ ಟೈರಿನಿಂದಲೋ, ಹಿಂದಿನಿಂದ ಬೀಸಿದ ಗಾಳಿಯಿಂದಲೋ, ಯಾರಿಗೆ ಗೊತ್ತು?

ಹಾಗಾದರೆ ಡೈನೋ ಸಾಕೇ? ಸಾಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಚೆನ್ನೈಗಿಂತ ಶೇಕಡಾ 10ರಷ್ಟು ಕಡಿಮೆ. ಅಲ್ಲಿ ಡೈನೋ ಮೇಲೆ ಹದ ಮಾಡಿದ ಹಳೆಯ ಟೂ-ಸ್ಟ್ರೋಕ್ ಬೈಕನ್ನು, ನಮ್ಮ ಮೈಸೂರಿನ ಯೆಜ್ಡಿ ಎಂದೇ ಇಟ್ಟುಕೊಳ್ಳಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ದಿರಿ. ದಟ್ಟ ಗಾಳಿ ಒಳನುಗ್ಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಜೆಟ್ ಕೊಡುವುದಿಲ್ಲ. ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಸೀಜ್ ಆಗುತ್ತದೆ. ಹಿಂಚಕ್ರ ಹಾಗೆಯೇ ಕಚ್ಚಿಕೊಂಡರೆ ಸವಾರ ನೆಲದ ಮೇಲೆ! ಡೈನೋ ಕಂಪ್ಯೂಟರ್ ಹವೆಗೆ ತಕ್ಕಂತೆ ಅಂಕಿ ತಿದ್ದುತ್ತದಲ್ಲ ಎನ್ನಬಹುದು. ಅದು ತಿದ್ದುವುದು ಕಾಗದದ ಮೇಲಿನ ಅಂಕಿಯನ್ನು, ಕಾರ್ಬುರೇಟರಿನ ಜೆಟ್ಟನ್ನಲ್ಲ.

ಅದಕ್ಕೇ ಅನುಭವಿಗಳು ಟ್ರ್ಯಾಕಿನಲ್ಲಿ ಪೂರ್ತಿ ವೇಗದಲ್ಲಿದ್ದಾಗ ಕ್ಲಚ್ ಹಿಡಿದು ಎಂಜಿನ್ ಆರಿಸುತ್ತಾರೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಕ್ಷೇಮ, ಬಿಳಿಚಿಕೊಂಡಿದ್ದರೆ ಅಪಾಯ. ಇಂದಿನ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಸೆನ್ಸರ್‌ಗಳು ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಹೊಂದಿಸುತ್ತವೆ. ಆದರೂ ತಿರುವಿನ ವಾಲಾಟ, ಎದುರುಗಾಳಿ, ಲ್ಯಾಪ್ ಮೇಲೆ ಲ್ಯಾಪ್ ಏರುವ ಬಿಸಿ, ಇವು ರೋಲರ್ ಮೇಲೆ ಸಿಗುವುದಿಲ್ಲ.

ಆದ್ದರಿಂದ ಮೊದಲು ಡೈನೋ, ಆಮೇಲೆ ಟ್ರ್ಯಾಕ್. ಮೊದಲನೆಯದು ಪಾಠ, ಎರಡನೆಯದು ಪರೀಕ್ಷೆ. ಬೈಕಿನ ಹುಚ್ಚಿರುವ ತಮ್ಮಂದಿರಿಗೆ ಒಂದು ಮಾತು: ರಾತ್ರಿ ಹನ್ನೆರಡರ ನೆಕ್ಲೇಸ್ ರಸ್ತೆ ಡೈನೋವೂ ಅಲ್ಲ, ಟ್ರ್ಯಾಕೂ ಅಲ್ಲ. ಅಲ್ಲಿ ಸೀಜ್ ಆದರೆ ಬೀಳುವವರು ನೀವೊಬ್ಬರೇ ಅಲ್ಲ.

ಮತ್ತೆ ಭೇಟಿಯಾಗೋಣ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿರಲಿ. ನಮಸ್ಕಾರ.